ಶನಿವಾರದ ಮೂರು ಗಂಟೆ: ಕ್ಯಾಮೆರಾ ಹಿಡಿದು ಕಾಡಿನಲ್ಲಿ ಸುಮ್ನೆ ಅಲೆಯುವುದು ಹೇಗೆ

ಮೊದಲ ಸಲ ಕ್ಯಾಮೆರಾ ಹಿಡಿದು ತುರಹಳ್ಳಿ ಕಾಡಿಗೆ ಹೋದಾಗ ಎರಡು ಗಂಟೆಯಲ್ಲಿ 412 ಫೋಟೋ ತೆಗೆದಿದ್ದೆ. ಮನೆಗೆ ಬಂದಾಗ ತಲೆನೋವು. ಸಂಜೆ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಒಂದೊಂದೇ ನೋಡಿ, ಆರಿಸಿ, ಬಣ್ಣ ತಿದ್ದಿ ಮುಗಿಸುವಷ್ಟರಲ್ಲಿ ರಾತ್ರಿ ಒಂದೂವರೆ. ಹೆಂಡತಿ ನಿದ್ದೆಗಣ್ಣಲ್ಲಿ ಎದ್ದು ಬಂದು ಕೇಳಿದಳು: "ಏನ್ರೀ, ಅಲ್ಲೂ ಟಾರ್ಗೆಟ್ ಇತ್ತಾ?"

ಇತ್ತು. ನಾನೇ ಹಾಕಿಕೊಂಡಿದ್ದೆ. ವಾರವಿಡೀ ಆಫೀಸಿನಲ್ಲಿ ಸ್ಕ್ರೀನ್ ನೋಡಿ, ಲೆಕ್ಕ ಒಪ್ಪಿಸಿ ಸುಸ್ತಾದವನು ಶನಿವಾರ ಕಾಡಿಗೆ ಹೋಗಿ ಇನ್ನೊಂದು ಚಿಕ್ಕ ಸ್ಕ್ರೀನ್ ನೋಡಿ ಬಂದಿದ್ದೆ.

ಅದಾಗಿ ನಾಲ್ಕು ವರ್ಷ. ಈಗಲೂ ತಿಂಗಳಿಗೆ ಎರಡು ಮೂರು ಶನಿವಾರ ಹೋಗುತ್ತೇನೆ. ಒಂದು ಬೆಳಿಗ್ಗೆಗೆ ಇಪ್ಪತ್ತನಾಲ್ಕು ಫೋಟೋ, ಅದಕ್ಕಿಂತ ಜಾಸ್ತಿ ಇಲ್ಲ. ವಾಪಸು ಬರುವಾಗ ಭುಜ ಇಳಿದಿರುತ್ತದೆ, ಹಸಿವಾಗಿರುತ್ತದೆ, ಮಧ್ಯಾಹ್ನ ಒಳ್ಳೆ ನಿದ್ದೆ ಬರುತ್ತದೆ. ಒಳ್ಳೆ ಫೋಟೋ ತೆಗೆಯುವುದು ಹೇಗೆ ಅಂತ ಹೇಳುವವರು ತುಂಬ ಜನ ಇದ್ದಾರೆ. ನಾನಿಲ್ಲಿ ಹೇಳುವುದು ಫೋಟೋ ನೆಪದಲ್ಲಿ ಕಾಲು ನಿಧಾನ ಮಾಡುವುದು ಹೇಗೆ ಅಂತ.

ಎಷ್ಟು ಹೊತ್ತು ಬೇಕು

ಜಪಾನಿನ ಅರಣ್ಯ ಇಲಾಖೆ 1982ರಲ್ಲೇ ಇಂಥ ಅಲೆದಾಟಕ್ಕೆ ‘ಶಿನ್ರಿನ್-ಯೋಕು’ ಅಂತ ಹೆಸರಿಟ್ಟಿತು. ಕಾಡಿನ ಸ್ನಾನ ಅಂತ ಅರ್ಥ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟವಾಯಿತು. ವಾರಕ್ಕೆ ಒಟ್ಟು 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರಲ್ಲಿ, ಆರೋಗ್ಯ ಚೆನ್ನಾಗಿದೆ, ನೆಮ್ಮದಿಯಾಗಿದ್ದೇನೆ ಅಂದವರು ಜಾಸ್ತಿ ಇದ್ದರು. ಆ ಎರಡು ಗಂಟೆಯನ್ನು ಒಂದೇ ಸಲ ಕಳೆದರೂ ಅಷ್ಟೇ, ಅರ್ಧರ್ಧ ಗಂಟೆಯಾಗಿ ಹಂಚಿಕೊಂಡರೂ ಅಷ್ಟೇ.

ನನ್ನ ಮೂರು ಗಂಟೆಯ ಲೆಕ್ಕ ಅಲ್ಲಿಂದಲೇ ಬಂದದ್ದು. ಎರಡು ಗಂಟೆ ಕಾಡಿಗೆ, ಒಂದು ಗಂಟೆ ಬೆಂಗಳೂರಿನ ಟ್ರಾಫಿಕ್ಕಿಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದೂ ಬೇಡ ಅನ್ನಿಸುತ್ತಿದೆ ಅಂದರೆ ಅದಕ್ಕೆ ಕಾಡು ಮದ್ದಲ್ಲ. ವೈದ್ಯರನ್ನು ನೋಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಾನು ಹೇಳುತ್ತಿರುವುದು ದಿನದಿನದ ಒತ್ತಡದ ವಿಷಯ. ಮೀಟಿಂಗು, ಇಎಂಐ, ಮಕ್ಕಳ ಪರೀಕ್ಷೆ, ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್, ಇಂಥವು.

ಹತ್ತಿರದ ಕಾಡು ಆರಿಸಿ, ಅದನ್ನೇ ಹಿಡಿದುಕೊಳ್ಳಿ

ಎಲ್ಲರೂ ಮಾಡುವ ತಪ್ಪು ಇಲ್ಲೇ ಶುರುವಾಗುತ್ತದೆ. ಕಾಡು ಅಂದ ಕೂಡಲೇ ಕುದುರೆಮುಖ, ಕೊಡಚಾದ್ರಿ, ಕುಮಾರ ಪರ್ವತ ಅಂತ ಯೋಚನೆ ಹೋಗುತ್ತದೆ. ಶುಕ್ರವಾರ ರಾತ್ರಿ ಬಸ್ಸಿನಲ್ಲಿ ಕೂತು ನಿದ್ದೆಗೆಟ್ಟು ಹೋಗಿ, ಬೆಟ್ಟ ಹತ್ತಿ ಇಳಿದು, ಭಾನುವಾರ ರಾತ್ರಿ ಮತ್ತೆ ಬಸ್ಸು. ಸೋಮವಾರ ಆಫೀಸಿನಲ್ಲಿ ಜೋಂಪು ಹಿಡಿಯುತ್ತದೆ. ಅದು ಟ್ರೆಕ್ಕಿಂಗ್. ಅದರ ಖುಷಿಯೇ ಬೇರೆ, ಬೇಡ ಅನ್ನುವುದಿಲ್ಲ. ಆದರೆ ಪ್ರತಿ ವಾರ ಆಗುವ ಕೆಲಸವಲ್ಲ.

ಮನೆಯಿಂದ ಮುಕ್ಕಾಲು ಗಂಟೆಯೊಳಗೆ ತಲುಪುವ ಜಾಗ ಹುಡುಕಿ. ನನಗೆ ತುರಹಳ್ಳಿ ಸಿಕ್ಕಿತು. ಕನಕಪುರ ರಸ್ತೆಯ ಪಕ್ಕ ಸುಮಾರು 600 ಎಕರೆಯ ಕುರುಚಲು ಕಾಡು. ಕಗ್ಗಲ್ಲಿನ ಬಂಡೆಗಳು, ಜಾಲಿ, ನೀಲಗಿರಿ, ಲಂಟಾನದ ಪೊದೆ, ನವಿಲು. ಸುತ್ತ ನಾಲ್ಕೂ ಕಡೆ ಅಪಾರ್ಟ್‌ಮೆಂಟುಗಳು ನಿಂತು ಇಣುಕುತ್ತವೆ. ಮಲೆನಾಡಿನವನಾದ ನನಗೆ ಮೊದಲು ಇದನ್ನು ಕಾಡು ಅನ್ನಲು ನಗು ಬಂದಿತ್ತು. ಈಗ ಅಲ್ಲಿನ ಒಂದೊಂದು ಬಂಡೆಯೂ ಗೊತ್ತು. ಹಸಿರು ಮೆಟ್ರೋದಲ್ಲಿ ವಾಜರಹಳ್ಳಿ ಅಥವಾ ತಲಘಟ್ಟಪುರದಲ್ಲಿ ಇಳಿದು ಆಟೋ ಹಿಡಿದರೆ ಆಯಿತು. ಭಾನುವಾರ ಮೆಟ್ರೋ ತಡವಾಗಿ ಶುರುವಾಗುತ್ತದೆ. ನಾನು ಶನಿವಾರ ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ.

ನಿಮ್ಮೂರಿನಲ್ಲೂ ಇಂಥ ಜಾಗ ಇದ್ದೇ ಇರುತ್ತದೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿ, ತುಮಕೂರಿನವರಿಗೆ ದೇವರಾಯನದುರ್ಗ, ಮಂಗಳೂರಿನವರಿಗೆ ಪಿಲಿಕುಳ, ಧಾರವಾಡದವರಿಗೆ ವಿಶ್ವವಿದ್ಯಾಲಯದ ಮರಗಳ ಕ್ಯಾಂಪಸ್. ಏನೂ ಇಲ್ಲವೆಂದರೆ ಊರ ಹೊರಗಿನ ಗೋಮಾಳ, ಕೆರೆ ಏರಿ, ಹಳೇ ಮಾವಿನ ತೋಪು. ಲಾಲ್‌ಬಾಗ್ ಕೂಡ 240 ಎಕರೆ ಇದೆ, ಸಾಕು.

ಒಂದೇ ಕಾಡಿಗೆ ಮತ್ತೆ ಮತ್ತೆ ಹೋಗಿ ಅನ್ನುವುದಕ್ಕೆ ಕಾರಣ ಇದೆ. ಹೊಸ ಜಾಗದಲ್ಲಿ ಎಲ್ಲವನ್ನೂ ನೋಡಿಬಿಡಬೇಕು ಅನ್ನುವ ಆತುರ ಇರುತ್ತದೆ. ಐದನೇ ಸಲ ಹೋದಾಗ ಆ ಆತುರ ಬಿಟ್ಟಿರುತ್ತದೆ. ಆಗ ಬದಲಾವಣೆ ಕಣ್ಣಿಗೆ ಬೀಳತೊಡಗುತ್ತದೆ. ಫೆಬ್ರವರಿಯಲ್ಲಿ ಮುತ್ತುಗ ಎಲೆ ಉದುರಿಸಿ ಕೆಂಡದ ಹಾಗೆ ಹೂ ಬಿಡುವುದು, ಯುಗಾದಿ ಹೊತ್ತಿಗೆ ಹೊಂಗೆಯ ಎಳೆ ಎಲೆ ಎಣ್ಣೆ ಹಚ್ಚಿದ ಹಾಗೆ ಮಿನುಗುವುದು, ಏಪ್ರಿಲ್‌ನಲ್ಲಿ ಕಕ್ಕೆಯ ಹಳದಿ ಗೊಂಚಲು. ಮೊದಲ ಮಳೆ ಬಿದ್ದ ಮೇಲೆ ನೆಲದಲ್ಲಿ ಕೆಂಪು ಮಖಮಲ್ಲಿನಂಥ ಪುಟ್ಟ ಹುಳ ಓಡಾಡುತ್ತದೆ. ಉತ್ತರ ಕರ್ನಾಟಕದ ಗೆಳೆಯ ಅದನ್ನು ನೋಡಿ "ಮಿರಗದ ಹುಳ ಅಲ್ಲೇನ್ರೀ!" ಅಂತ ಮಂಡಿಯೂರಿ ಕೂತುಬಿಟ್ಟ. ಮೃಗಶಿರಾ ಮಳೆಗೆ ಬರುವುದಕ್ಕೆ ಆ ಹೆಸರು. ಅವನು ಅಷ್ಟು ಖುಷಿಯಾದದ್ದನ್ನು ಆಫೀಸಿನಲ್ಲಿ ನಾನು ನೋಡಿರಲೇ ಇಲ್ಲ.

ಅನುಮತಿ ವಿಷಯ

ಇದು ಬೋರು, ಆದರೆ ಬಿಡುವಂತಿಲ್ಲ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟದಂಥ ಕಡೆ ಬೇಕಾದ ಹಾಗೆ ಒಳಗೆ ನಡೆದುಕೊಂಡು ಹೋಗುವಂತಿಲ್ಲ.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ್ದು ನೆನಪಿರಬಹುದು. ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಕಡಿವಾಣ ಹಾಕಿತು. ಅದೇ ವರ್ಷ ‘ಅರಣ್ಯ ವಿಹಾರ’ ಅನ್ನುವ ಇಲಾಖೆಯ ಜಾಲತಾಣ ಬಂತು. ಚಾರಣದ ದಾರಿಗಳಿಗೆ ಅಲ್ಲಿ ಮೊದಲೇ ಬುಕ್ ಮಾಡಬೇಕು, ಗುರುತಿನ ಚೀಟಿ ಬೇಕು. ಊರ ಪಕ್ಕದ ಚಿಕ್ಕ ಕಾಡುಗಳಲ್ಲಿ ಗೇಟಿನ ಬೋರ್ಡು ಓದಿ, ಕಾವಲುಗಾರರನ್ನು ಕೇಳಿ. "ಅಣ್ಣಾ, ಎಷ್ಟು ಗಂಟೆವರೆಗೆ ಬಿಡ್ತೀರಾ, ಯಾವ ಕಡೆ ಹೋಗಬಾರದು?" ಅಂತ ಕೇಳಿದರೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಚಿರತೆ ಓಡಾಡಿದ್ದರೆ ಅವರೇ ಮೊದಲು ಹೇಳುತ್ತಾರೆ. ಡ್ರೋನ್ ಮನೆಯಲ್ಲೇ ಇರಲಿ.

ಯಾವ ಹೊತ್ತು

ಬೆಳಿಗ್ಗೆ. ಇದರಲ್ಲಿ ನನಗೆ ಎರಡು ಮಾತಿಲ್ಲ. ಬೆಂಗಳೂರಿನಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲಿಗೆ, ಜೂನ್‌ನಲ್ಲಿ ಆರಕ್ಕೆ ಸ್ವಲ್ಪ ಮೊದಲು. ಹುಟ್ಟಿದ ಮೇಲಿನ ಒಂದೂವರೆ ಗಂಟೆ ಬೆಳಕು ಓರೆಯಾಗಿ ಬೀಳುತ್ತದೆ. ತೊಗಟೆಯ ಒಂದೊಂದು ಬಿರುಕೂ ಎದ್ದು ಕಾಣುತ್ತದೆ, ಎಲೆಯ ಹಿಂದಿನಿಂದ ಬೆಳಕು ಬಂದರೆ ನರಗಳೆಲ್ಲ ಕಾಣಿಸುತ್ತವೆ. ಹತ್ತು ಗಂಟೆಯ ಮೇಲೆ ಬಿಸಿಲು ಮರದ ಸಂದಿಯಿಂದ ತೇಪೆ ತೇಪೆಯಾಗಿ ಬೀಳುತ್ತದೆ. ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಪ್ಪು, ಯಾವ ಕ್ಯಾಮೆರಾಕ್ಕೂ ಅದು ಕಷ್ಟ. ಆ ಹೊತ್ತಿಗೆ ಹೊಟ್ಟೆಯೂ ಇಡ್ಲಿ ಕೇಳುತ್ತಿರುತ್ತದೆ. ಹೊರಟುಬಿಡಿ.

ಮೋಡದ ದಿನ ಅಂತ ಬೇಜಾರಾಗಬೇಡಿ. ಕಾಡಿನೊಳಗೆ ಮೋಡದ ಬೆಳಕೇ ಒಳ್ಳೆಯದು. ನೆರಳು ಗಡುಸಾಗುವುದಿಲ್ಲ, ಹಸಿರು ಹಸಿರಾಗಿಯೇ ಬರುತ್ತದೆ.

ಚೀಲದಲ್ಲಿ ಏನಿರಬೇಕು

ನಿಮ್ಮ ಫೋನ್ ಸಾಕು. ಕ್ಯಾಮೆರಾ ಇದ್ದರೆ ಅದರ ಜೊತೆ ಬಂದ 18-55 ಲೆನ್ಸೇ ಸಾಕು. ಈ ಹವ್ಯಾಸದಲ್ಲಿ ಸಾಲ ಮಾಡಿ ಲೆನ್ಸ್ ಕೊಂಡು, ಆ ಸಾಲದ ಚಿಂತೆ ಕಳೆಯಲು ಮತ್ತೆ ಕಾಡಿಗೆ ಹೋಗುವವರನ್ನು ನೋಡಿದ್ದೇನೆ. ಒಂದು ವರ್ಷ ಏನೂ ಕೊಳ್ಳಬೇಡಿ. ಆಮೇಲೂ ಕೈ ಕಡಿದರೆ 50 ಎಂಎಂ ಲೆನ್ಸ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ.

ಮಿಕ್ಕಂತೆ ಒಂದು ಲೀಟರ್ ನೀರು, ಒಂದು ಬಾಳೆಹಣ್ಣು ಅಥವಾ ಕಡಲೆ ಮಿಠಾಯಿ, ಹಳೇ ಕಾಟನ್ ಕರ್ಚೀಫು, ಬ್ಯಾಂಡೇಜು, ಸಿಳ್ಳೆ. ಸಿಳ್ಳೆ ಯಾಕೆ ಅಂದರೆ, ಕಾಲು ಉಳುಕಿ ಕೂತಾಗ ಕೂಗಿಕೊಳ್ಳುವುದಕ್ಕಿಂತ ಸಿಳ್ಳೆ ಊದುವುದು ಸುಲಭ, ದೂರಕ್ಕೂ ಕೇಳುತ್ತದೆ. ಉದ್ದ ಪ್ಯಾಂಟು, ಮುಚ್ಚಿದ ಶೂ, ಮಣ್ಣಿನ ಬಣ್ಣದ ಬಟ್ಟೆ. ಸೆಂಟು ಬೇಡ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಚಿಪ್ಸ್ ಪ್ಯಾಕೆಟ್ಟು ಬೇಡ, ಕೋತಿಗಳಿಗೆ ಆ ಸದ್ದು ನಮಗಿಂತ ಚೆನ್ನಾಗಿ ಗೊತ್ತು.

ಹೊರಡುವ ಮೊದಲು ಮನೆಯಲ್ಲಿ ಒಬ್ಬರಿಗೆ ಎಲ್ಲಿಗೆ, ಯಾವಾಗ ವಾಪಸು ಅಂತ ಹೇಳಿ. ಕಾಡಿನ ಗೇಟಿನಲ್ಲಿ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಫೋಟೋ ತೆಗೆಯಲು ನೆಟ್‌ವರ್ಕ್ ಬೇಡ ಅಲ್ವಾ? ಮ್ಯಾನೇಜರ್ ಮೆಸೇಜು ಒಂಬತ್ತೂವರೆಗೆ ಓದಿದರೂ ಅದೇ ಮೆಸೇಜು.

ಮೊದಲ ಇಪ್ಪತ್ತು ನಿಮಿಷ ಕ್ಯಾಮೆರಾ ಹೊರಗೆ ತೆಗೆಯಬೇಡಿ

ಈ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಒಳಗೆ ಹೋದ ಕೂಡಲೇ ಒಂದು ಬಂಡೆಯೋ ಬಿದ್ದ ಮರವೋ ನೋಡಿ ಕೂತುಬಿಡಿ. ಕೂರುವ ಮುಂಚೆ ಅದರ ಸಂದಿಯಲ್ಲಿ ಏನಾದರೂ ಇದೆಯಾ ಅಂತ ಕೋಲಿನಿಂದ ತಟ್ಟಿ ನೋಡಿ.

ಮೊದಲ ಐದು ನಿಮಿಷ ತಲೆಯೊಳಗೆ ಆಫೀಸೇ ಓಡುತ್ತಿರುತ್ತದೆ. ನನಗೆ ಪ್ರತಿ ಸಲವೂ ಓಡುತ್ತದೆ. ಯಾರಿಗೋ ಕೊಡಬೇಕಿದ್ದ ಉತ್ತರ, ಕಳಿಸದ ಇಮೇಲ್. ಅದನ್ನು ತಡೆಯಲು ಹೋಗಬೇಡಿ. ಬದಲಿಗೆ ಕಿವಿಗೆ ಒಂದು ಕೆಲಸ ಕೊಡಿ, ಎಷ್ಟು ಬೇರೆ ಬೇರೆ ಸದ್ದು ಕೇಳುತ್ತದೆ ಅಂತ ಬೆರಳಲ್ಲಿ ಎಣಿಸಲಿ. ಹೆದ್ದಾರಿಯ ಲಾರಿ ಒಂದು. ಪಿಕಳಾರ ಎರಡು. ಒಣ ಎಲೆ ಮೇಲೆ ಓತಿಕ್ಯಾತ ಓಡಿದ್ದು ಮೂರು. ದೂರದಲ್ಲಿ ಕುಟ್ರುಹಕ್ಕಿ ಒಂದೇ ಸಮ ಕುಟ್ರು ಕುಟ್ರು ಅನ್ನುವುದು ನಾಲ್ಕು. ಏಳೆಂಟಕ್ಕೆ ಬರುವಷ್ಟರಲ್ಲಿ ನಿಮ್ಮ ಉಸಿರೂ ನಿಧಾನವಾಗಿರುತ್ತದೆ.

ಇದರಿಂದ ಇನ್ನೊಂದು ಲಾಭ ಇದೆ. ನೀವು ಒಳಗೆ ಬಂದಾಗ ಅಡಗಿಕೊಂಡಿದ್ದ ಹಕ್ಕಿ, ಅಳಿಲು, ಓತಿಗಳು ನೀವು ಅಲ್ಲಾಡದೆ ಕೂತಿದ್ದರೆ ಮೆಲ್ಲಗೆ ತಮ್ಮ ಕೆಲಸಕ್ಕೆ ಮರಳುತ್ತವೆ. ಒಂದು ಬೆಳಿಗ್ಗೆ ಹೀಗೆ ಕೂತಿದ್ದಾಗ ರಾಜಹಕ್ಕಿಯೊಂದು, ಬಿಳಿ ರಿಬ್ಬನ್ನಿನಂಥ ಉದ್ದ ಬಾಲದ್ದು, ಹತ್ತು ಅಡಿ ದೂರದ ಕೊಂಬೆಗೆ ಬಂದು ಕೂತಿತು. ಕ್ಯಾಮೆರಾ ಚೀಲದಲ್ಲಿತ್ತು. ಜಿಪ್ ಎಳೆದರೆ ಹಾರುತ್ತದೆ. ಎಳೆಯಲಿಲ್ಲ. ಆ ಫೋಟೋ ನನ್ನ ಹತ್ತಿರ ಇಲ್ಲ, ಆದರೆ ಆ ಬಾಲ ಅಲ್ಲಾಡಿದ ರೀತಿ ಇವತ್ತಿಗೂ ಕಣ್ಣಲ್ಲಿದೆ.

ಗುಂಪಿನಲ್ಲಿ ಹೋಗುವವರಿಗೂ ಇದೇ. ನನ್ನ ತಂಗಿ ತನ್ನ ಇಬ್ಬರು ಗೆಳತಿಯರ ಜೊತೆ ಹೋಗುತ್ತಾಳೆ, ಒಬ್ಬಳೇ ಹೋಗಲು ಧೈರ್ಯ ಸಾಲದು ಅನ್ನುತ್ತಾಳೆ, ಅದು ಸರಿಯೇ. ಮೂವರೂ ಒಬ್ಬರಿಗೊಬ್ಬರು ಕಾಣುವಷ್ಟು ದೂರದಲ್ಲಿ ಕೂರುತ್ತಾರೆ. ಇಪ್ಪತ್ತು ನಿಮಿಷ ಮಾತಿಲ್ಲ. ಮೊದಲ ಸಲ ನಗು ತಡೆಯಲಾಗಲಿಲ್ಲವಂತೆ. ಈಗ ಆ ಇಪ್ಪತ್ತು ನಿಮಿಷಕ್ಕೇ ಹೋಗುತ್ತಾರಂತೆ.

ಇಪ್ಪತ್ತನಾಲ್ಕೇ ಫೋಟೋ

ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017) ದೇಶದ ದೊಡ್ಡ ವನ್ಯಜೀವಿ ಛಾಯಾಗ್ರಾಹಕರಲ್ಲೊಬ್ಬರು. ಅವರ ತಲೆಮಾರಿನವರು ಪಳಗಿದ್ದು ಫಿಲ್ಮಿನಲ್ಲಿ. ಒಂದು ರೋಲಿಗೆ 36, ದೊಡ್ಡ ಫಿಲ್ಮಾದರೆ 12. ಕ್ಲಿಕ್ಕಿಸುವ ಮೊದಲು ಹತ್ತು ಸಲ ಯೋಚಿಸಲೇಬೇಕಿತ್ತು. ನಾವು ಆ ಮಿತಿಯನ್ನು ಬೇಕಂತಲೇ ತಂದುಕೊಳ್ಳೋಣ. ಎರಡು ಗಂಟೆಗೆ ಇಪ್ಪತ್ತನಾಲ್ಕು. ಅಳಿಸಿ ಮತ್ತೆ ತೆಗೆದರೂ ಲೆಕ್ಕಕ್ಕೆ ಸೇರುತ್ತದೆ.

ಏನನ್ನು ತೆಗೆಯಬೇಕು? ಇಡೀ ಕಾಡನ್ನು ಒಂದು ಫೋಟೋದಲ್ಲಿ ಹಿಡಿಯಲು ಹೋದರೆ ಹಸಿರು ಗೋಜಲು ಬರುತ್ತದೆ, ಅಷ್ಟೇ. ಹತ್ತಿರ ಹೋಗಿ. ಮತ್ತಿಮರದ ತೊಗಟೆ ಮೊಸಳೆ ಬೆನ್ನಿನ ಹಾಗಿರುತ್ತದೆ, ಅದರ ಒಂದು ಅಂಗೈಯಗಲ ಸಾಕು. ಮರಳಿನಲ್ಲಿ ಆಲಿಕೆಯಂಥ ಗುಂಡಿ ತೋಡಿ ಇರುವೆ ಜಾರಿ ಬೀಳಲಿ ಅಂತ ಕಾಯುವ ಹುಳ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಚಗಳಿ ಇರುವೆ. ಡಿಸೆಂಬರಿನ ಬೆಳಿಗ್ಗೆ ಇಬ್ಬನಿ ಪೋಣಿಸಿಕೊಂಡ ಜೇಡರ ಬಲೆ. ಹುತ್ತ. ಬಂಡೆಯ ಮೇಲೆ ಕಲ್ಲುಹೂವು ಬಿಡಿಸಿದ ನಕಾಶೆ.

ಹತ್ತಿರ ಹೋಗಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. 2014ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ಮ್ಯೂಸಿಯಮ್ಮಿನಲ್ಲಿ ಕೆಲವು ವಸ್ತುಗಳನ್ನು ಸುಮ್ನೆ ನೋಡಿದರು, ಕೆಲವನ್ನು ಫೋಟೋ ತೆಗೆದರು. ಮಾರನೇ ದಿನ ಕೇಳಿದಾಗ ಫೋಟೋ ತೆಗೆದ ವಸ್ತುಗಳೇ ಕಡಿಮೆ ನೆನಪಿದ್ದವು. ಕ್ಯಾಮೆರಾ ನೋಡಿಕೊಳ್ಳುತ್ತದೆ ಅಂತ ಮನಸ್ಸು ಕೈಬಿಟ್ಟಿತ್ತೇನೋ. ಆದರೆ ವಸ್ತುವಿನ ಒಂದು ಭಾಗವನ್ನು ಮಾತ್ರ ಜೂಮ್ ಮಾಡಿ ತೆಗೆದಾಗ ನೆನಪು ಹಾಗೆ ಮಾಸಿರಲಿಲ್ಲ. ನನ್ನ 412 ಫೋಟೋಗಳ ದಿನ ಏನು ನೋಡಿದೆ ಅಂತ ಕೇಳಿದರೆ ನನಗೆ ಒಂದೂ ನೆನಪಿಲ್ಲ.

ನಾನು ಮಾಡುವ ಒಂದು ಆಟ ಹೇಳುತ್ತೇನೆ. ಮನೆಯಿಂದ ಹೊರಡುವಾಗ ಒಂದು ಪದ ಆರಿಸಿಕೊಳ್ಳುವುದು. ‘ತೂತು’. ‘ಕೆಂಪು’. ‘ಒಣಗಿದ್ದು’. ಆವತ್ತು ಅದನ್ನೇ ಹುಡುಕುವುದು. ‘ತೂತು’ ಅಂತ ಹೊರಟ ದಿನ ಮರಕುಟಿಗ ಕೊರೆದ ಪೊಟರೆ, ಹುಳ ತಿಂದ ಎಲೆ, ಏಡಿಯ ಬಿಲ, ಬಂಡೆಯ ಕುಳಿಯಲ್ಲಿ ನಿಂತ ಮಳೆನೀರು ಸಿಕ್ಕಿತು. ಮಕ್ಕಳನ್ನು ಕರೆದುಕೊಂಡು ಹೋದರೆ ಈ ಆಟದಲ್ಲಿ ಅವರೇ ಗೆಲ್ಲುತ್ತಾರೆ, ಅವರ ಕಣ್ಣು ನೆಲಕ್ಕೆ ಹತ್ತಿರ.

ಫೋನಿನಲ್ಲಿ ತೆಗೆಯುವಾಗ

ಮೊದಲು ಲೆನ್ಸ್ ಒರೆಸಿ. ಜೇಬಿನಲ್ಲಿದ್ದ ಫೋನಿನ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ, ಮಬ್ಬು ಬರುವುದಕ್ಕೆ ಅರ್ಧ ಕಾರಣ ಅದೇ. ಬೇಕಾದ ಜಾಗದ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಆಮೇಲೆ ಪಕ್ಕದಲ್ಲಿ ಮೂಡುವ ಬೆಳಕು ಹೆಚ್ಚುಕಡಿಮೆ ಮಾಡುವ ಗೆರೆಯನ್ನು ಸ್ವಲ್ಪ ಕೆಳಗೆ ಎಳೆಯಿರಿ. ಕಾಡಿನ ನೆರಳು ನೋಡಿ ಫೋನು ಎಲ್ಲವನ್ನೂ ಬೆಳ್ಳಗೆ ಮಾಡಲು ಹೋಗುತ್ತದೆ, ಎಳೆದರೆ ಕಾಡು ಕಾಡಿನ ಹಾಗೆಯೇ ಉಳಿಯುತ್ತದೆ. ಬೆರಳು ಒತ್ತಿ ಹಿಡಿದರೆ ತುಂಬ ಫೋನುಗಳಲ್ಲಿ ಫೋಕಸ್ ಲಾಕ್ ಆಗುತ್ತದೆ. ಎರಡು ಬೆರಳಿಂದ ಹಿಗ್ಗಿಸುವ ಬದಲು ಎರಡು ಹೆಜ್ಜೆ ಮುಂದೆ ಹೋಗಿ. ಕೈ ನಡುಗಿದರೆ ಮೊಣಕೈಯನ್ನು ಮರಕ್ಕೆ ಒರಗಿಸಿ, ಒರಗಿಸುವ ಮುಂಚೆ ಕಂಬಳಿಹುಳು ಇದೆಯಾ ನೋಡಿ. ಇದು ಅನುಭವದ ಮಾತು, ಎರಡು ದಿನ ಕೆರೆದುಕೊಂಡಿದ್ದೇನೆ.

ಕ್ಯಾಮೆರಾ ಇರುವವರು ಅಪರ್ಚರ್ (ಲೆನ್ಸಿನ ಕಿಂಡಿ) ಮೋಡಿನಲ್ಲಿ ಎಫ್ 5.6 ಅಥವಾ 8 ಇಟ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಆಟೋ ಮಾಡಿ 3200 ದಾಟದಂತೆ ಕಟ್ಟಿಹಾಕಿ, ಎಕ್ಸ್‌ಪೋಷರನ್ನು, ಅಂದರೆ ಫೋಟೋಗೆ ಬೀಳುವ ಬೆಳಕನ್ನು, ಮುಕ್ಕಾಲು ಸ್ಟಾಪಿನಷ್ಟು ಇಳಿಸಿ, ಆಮೇಲೆ ಸೆಟ್ಟಿಂಗ್ ಮರೆತುಬಿಡಿ. ಬಣ್ಣದ ಹದ ನೋಡಿಕೊಳ್ಳುವ ವೈಟ್ ಬ್ಯಾಲೆನ್ಸ್ ‘ಕ್ಲೌಡಿ’ಗೆ ಇಟ್ಟರೆ ಎಲೆಗಳ ನಡುವಿನ ತಣ್ಣಗಿನ ಛಾಯೆ ಸ್ವಲ್ಪ ಬೆಚ್ಚಗಾಗುತ್ತದೆ. ಹಾರುವ ಹಕ್ಕಿ ಬೇಕೆಂದರೆ ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗವಾದರೂ ಇರಬೇಕು. ಆದರೆ ಹಾರುವ ಹಕ್ಕಿಯ ಹಿಂದೆ ಬಿದ್ದರೆ ಒತ್ತಡ ಇಳಿಯುವುದಿಲ್ಲ, ಏರುತ್ತದೆ. ಇದು ನನ್ನ ಅಭಿಪ್ರಾಯ, ಪಕ್ಷಿಪ್ರಿಯರು ಬೈಯಬಹುದು.

ಗೂಡಿನ ಫೋಟೋ ಬೇಡ. ಅಡ್ಡ ಬಂದ ಎಲೆ ಸರಿಸಿದರೆ ಮರಿಗಳಿಗೆ ಬಿಸಿಲು ತಾಗುತ್ತದೆ, ಕಾಗೆಗೂ ಜಾಗ ಗೊತ್ತಾಗುತ್ತದೆ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ. ತನ್ನ ಜಾಗಕ್ಕೆ ಇನ್ನೊಬ್ಬ ಬಂದ ಅಂತ ಅದು ಗಾಬರಿಯಾಗಿ ಬರುತ್ತದೆ, ಪ್ರೀತಿಯಿಂದಲ್ಲ. ನಾವು ಒತ್ತಡ ಕಳೆಯಲು ಹೋಗಿ ಅದಕ್ಕೆ ಒತ್ತಡ ಕೊಟ್ಟ ಹಾಗೆ.

ಮಳೆಗಾಲದಲ್ಲಿ ಮಲೆನಾಡಿಗೆ

ವರ್ಷಕ್ಕೊಮ್ಮೆ ಜುಲೈ-ಆಗಸ್ಟಿನಲ್ಲಿ ತೀರ್ಥಹಳ್ಳಿ ಕಡೆಯ ಅತ್ತೆ ಮನೆಗೆ ಹೋಗುತ್ತೇನೆ. ಆಗುಂಬೆಗೆ ಅಲ್ಲಿಂದ ಹೆಚ್ಚು ದೂರವಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 1,000 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ 7,000ಕ್ಕೂ ಜಾಸ್ತಿ. ಅಲ್ಲಿ ಕಾಡೇ ಬೇರೆ. ಕಾನಿನೊಳಗೆ ಮಧ್ಯಾಹ್ನ ಹನ್ನೆರಡಕ್ಕೂ ಮುಸ್ಸಂಜೆಯ ಬೆಳಕು. ಮರಕ್ಕೆಲ್ಲ ಪಾಚಿ, ಎಲ್ಲೆಲ್ಲೂ ಅಣಬೆ, ಕಿವಿ ತುಂಬ ಕಪ್ಪೆ ಮತ್ತು ಜೀರುಂಡೆ.

ಉಂಬಳದ, ಅಂದರೆ ರಕ್ತ ಹೀರುವ ಜಿಗಣೆಯ, ವಿಷಯ ಕೇಳಿ ಪಟ್ಟಣದವರು ಹಿಂಜರಿಯುತ್ತಾರೆ. ನಾನೂ ಊರು ಬಿಟ್ಟು ಹತ್ತು ವರ್ಷಕ್ಕೆ ಹೆದರಲು ಶುರು ಮಾಡಿದ್ದೆ. ಅತ್ತೆ ನಕ್ಕರು: "ಎಂತ ಮಾರಾಯ, ಉಂಬಳಕ್ಕೆ ಹೆದರ್ತೀಯಲ! ಕಾಲಿಗೆ ಸುಣ್ಣ ಹಚ್ಕಂಡು ಹೋಗು." ಸುಣ್ಣ, ಉಪ್ಪು, ನಶ್ಯ, ಹೊಗೆಸೊಪ್ಪಿನ ನೀರು ಎಲ್ಲವೂ ನಡೆಯುತ್ತವೆ, ಆದರೆ ಮಳೆ ನೀರಿಗೆ ತೊಳೆದುಹೋಗುತ್ತವೆ. ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಉಂಬಳದ ಕಾಲುಚೀಲ ಹಾಕಿಕೊಳ್ಳುವುದು ಒಳ್ಳೆಯದು. ಕಚ್ಚಿದರೆ ಕಿತ್ತೆಸೆಯಬೇಡಿ. ಉಗುರನ್ನು ಬಾಯಿಯ ಹತ್ತಿರ ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ಸುರಿಯುತ್ತದೆ, ನೋಡಲು ಭಯಂಕರ, ನೋವಿಲ್ಲ. ತೊಳೆದು ಒತ್ತಿ ಹಿಡಿದರೆ ನಿಲ್ಲುತ್ತದೆ.

ಕ್ಯಾಮೆರಾಕ್ಕೆ ಮಾತ್ರ ಮಲೆನಾಡಿನ ಮಳೆಗಾಲ ನಿಜವಾದ ಶತ್ರು. ಎಸಿ ಕಾರಿನಿಂದ ಇಳಿದು ಕೂಡಲೇ ಹೊರಗೆ ತೆಗೆದರೆ ಲೆನ್ಸ್ ಮೇಲೆ ಮಂಜು ಕಟ್ಟುತ್ತದೆ. ಚೀಲದೊಳಗೇ ಅರ್ಧ ಗಂಟೆ ಇರಲಿ, ಹೊರಗಿನ ಬಿಸಿಗೆ ಹೊಂದಿಕೊಳ್ಳುತ್ತದೆ. ಒಂದು ವರ್ಷ ನನ್ನ ಹಳೇ ಲೆನ್ಸನ್ನು ಅತ್ತೆ ಮನೆಯ ಅಟ್ಟದಲ್ಲಿ ಮರೆತು ಬಂದೆ. ದೀಪಾವಳಿಗೆ ಹೋಗಿ ನೋಡಿದರೆ ಗಾಜಿನೊಳಗೆ ಬೂಷ್ಟು ಬಲೆ ನೇಯ್ದಿತ್ತು. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಹಳೇ ಉಪ್ಪಿನಕಾಯಿ ಡಬ್ಬಿಯೂ ಆಗುತ್ತದೆ, ವಾಸನೆ ಹೋಗುವ ಹಾಗೆ ತೊಳೆದಿದ್ದರೆ.

ಒದ್ದೆ ಎಲೆಗಳು ಆಕಾಶವನ್ನು ಪ್ರತಿಫಲಿಸಿ ಬಿಳಿಚಾಗಿ ಕಾಣುತ್ತವೆ. ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ಆ ಹೊಳಪು ಹೋಗಿ ಒಳಗಿನ ಹಸಿರು ಎದ್ದು ಬರುತ್ತದೆ. ಇದೊಂದನ್ನು ಮಾತ್ರ ಕೊಂಡುಕೊಳ್ಳಿ ಅಂತ ಧೈರ್ಯವಾಗಿ ಹೇಳಬಲ್ಲೆ. ಫೋನಿನವರು ತಂಪು ಕನ್ನಡಕದ ಗಾಜನ್ನು ಅಡ್ಡ ಹಿಡಿದು ನೋಡಿ, ಪೋಲರಾಯ್ಡ್ ಆಗಿದ್ದರೆ ಅದೂ ಕೆಲಸ ಮಾಡುತ್ತದೆ.

ಹೆದರಬೇಕಾದ್ದಕ್ಕೆ ಹೆದರಿ

ಹಾವು ಕಂಡರೆ ನಿಲ್ಲಿ, ಮೆಲ್ಲಗೆ ಹಿಂದೆ ಸರಿಯಿರಿ. ಫೋಟೋಗೆ ಅಂತ ಹತ್ತಿರ ಹೋಗಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ವಾಚು ಬಿಚ್ಚಿ, ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು, ಹಾವಿನ ವಿಷಕ್ಕೆ ಮದ್ದು ಇರುವ ಆಸ್ಪತ್ರೆಗೆ ಹೋಗಬೇಕು.

ಹೆಜ್ಜೇನು ನನಗೆ ಹಾವಿಗಿಂತ ಜಾಸ್ತಿ ಭಯ. ಸಾವನದುರ್ಗ, ರಾಮನಗರದ ಕಡೆಯ ಬಂಡೆಗಳಲ್ಲಿ ದೊಡ್ಡ ದೊಡ್ಡ ಹುಟ್ಟುಗಳು ತೂಗುತ್ತವೆ. ಸೆಂಟಿನ ವಾಸನೆ, ಹೊಗೆ, ಕೂಗಾಟ ಇವಕ್ಕೆ ಆಗದು. ಎದ್ದರೆ ಮುಖ ಮುಚ್ಚಿಕೊಂಡು ಓಡುವುದೇ, ಕೈ ಬೀಸುತ್ತ ನಿಲ್ಲಬಾರದು.

ಆನೆ ಓಡಾಡುವ ಕಡೆ, ಅಂದರೆ ಬನ್ನೇರುಘಟ್ಟದ ಅಂಚು, ಸಕಲೇಶಪುರ, ಕೊಡಗು, ಸ್ಥಳೀಯರ ಜೊತೆ ಇಲ್ಲದೆ ನಡೆಯಬೇಡಿ. ಹಸಿ ಲದ್ದಿ ಕಂಡರೆ ಆವತ್ತಿನ ಅಲೆದಾಟ ಅಲ್ಲಿಗೆ ಮುಗಿಯಿತು. ಕಿವಿಗೆ ಇಯರ್‌ಫೋನ್ ಎಲ್ಲಿಯೂ ಬೇಡ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಹೋಗುವವರು ಮಂಗನ ಕಾಯಿಲೆ ಬಗ್ಗೆ ತಿಳಿದಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳಗಳಿಂದ ಹರಡುತ್ತದೆ, ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಆ ತಿಂಗಳುಗಳಲ್ಲಿ ಹೋಗುವ ಮೊದಲು ಊರಿನವರನ್ನೋ ಆಶಾ ಕಾರ್ಯಕರ್ತೆಯರನ್ನೋ ಕೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಒಣ ಎಲೆ ಮೇಲೆ ಮಲಗಿ ಫೋಟೋ ತೆಗೆಯಬೇಡಿ, ಮನೆಗೆ ಬಂದು ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಹೋಗಿ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ತುರ್ತು ಸಹಾಯಕ್ಕೆ 112, ಅರಣ್ಯ ಇಲಾಖೆಗೆ 1926.

ಮನೆಗೆ ಬಂದ ಮೇಲೆ

ನಾನು ಮೊದಲು ಕೆಟ್ಟದ್ದು ಇಲ್ಲೇ. ಈಗಿನ ಕ್ರಮ ಹೀಗಿದೆ. ಶನಿವಾರ ಫೋಟೋ ನೋಡುವುದೇ ಇಲ್ಲ. ಭಾನುವಾರ ಸಂಜೆ ಕಾಫಿ ಕುಡಿಯುತ್ತ ಇಪ್ಪತ್ತನಾಲ್ಕರಲ್ಲಿ ಮೂರನ್ನು ಇಟ್ಟುಕೊಂಡು ಮಿಕ್ಕಿದ್ದು ಅಳಿಸುತ್ತೇನೆ. ತಿದ್ದುಪಡಿಗೆ ಹದಿನೈದು ನಿಮಿಷ, ಫೋನಿನಲ್ಲೇ ಅಲಾರಂ ಇಟ್ಟು. ಇನ್‌ಸ್ಟಾಗ್ರಾಮಿಗೆ ಹಾಕುವವರು ಹಾಕಿ, ನಾನು ಬಿಟ್ಟೆ. ಲೈಕ್ ಬಂತಾ ಅಂತ ಹತ್ತು ನಿಮಿಷಕ್ಕೊಮ್ಮೆ ನೋಡುವ ಚಾಳಿ ನನಗಿತ್ತು, ಬೇರೆಯವರಿಗೆ ಇರಲಿಕ್ಕಿಲ್ಲ. ಹಾಕುವುದಾದರೆ ಜಾಗದ ಹೆಸರು ಹಾಕಬೇಡಿ. ಅಪರೂಪದ ಆರ್ಕಿಡ್ಡೋ, ಗೂಬೆಯೋ ಇರುವ ಜಾಗ ಗೊತ್ತಾದರೆ ಮುಂದಿನ ವಾರ ಅಲ್ಲಿ ಜಾತ್ರೆ.

ನಾಲ್ಕು ಜನರ ಸಹವಾಸ ಬೇಕು, ಕಲಿಯಬೇಕು ಅನ್ನುವವರಿಗೆ ಬೆಂಗಳೂರಿನಲ್ಲಿ 1971ರಿಂದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇದೆ.

ಮೂರು ಫೋಟೋಗಳಲ್ಲಿ ಒಂದನ್ನು ತಿಂಗಳಿಗೊಮ್ಮೆ ಪ್ರಿಂಟ್ ಹಾಕಿಸುತ್ತೇನೆ. ಅಂಚೆ ಕಾರ್ಡಿನಷ್ಟು ಚಿಕ್ಕದು. ಹಿಂದೆ ಪೆನ್ಸಿಲಿನಲ್ಲಿ ತಾರೀಕು, ಆವತ್ತಿನ ಹವಾ, ಕೇಳಿದ ಸದ್ದುಗಳ ಲೆಕ್ಕ ಬರೆಯುತ್ತೇನೆ. ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾಳೆ. ಈಗ ಇರುವುದು ಎಲೆಯ ತೂತಿನಿಂದ ಇಣುಕುತ್ತಿರುವ ಒಂದು ಹಸಿರು ಹುಳ. ಹಿಂದೆ ಬರೆದದ್ದು: ‘ಮೋಡ, ಸಣ್ಣ ಗಾಳಿ, ಹನ್ನೊಂದು ಸದ್ದು. ಲಾರಿ ಸೇರಿ.’